ಮಲೇರಿಯಾ ಪರಾವಲಂಬಿ ರಕ್ತಕಣದೊಳಗೆ ಕೂತು ಏನು ಮಾಡುತ್ತದೆ?

ಪರಾವಲಂಬಿ ಜೀವಿಗಳು ನಮ್ಮ ಜೀವಕೋಶಗಳನ್ನು ಹಾಳುಮಾಡುವುದು ವಿಷ ಕಾರುವ ಮೂಲಕವೇ ಎಂದು ಕೇಳಿದ್ದೀರಿ. ಒಂದೊಂದರ ದಾರಿ ಒಂದೊಂದು. ಆಮಶಂಕೆ ತರುವ ಅಮೀಬಾ ಕರುಳಿನ ಕೋಶಗಳನ್ನೇ ಕೊಂದು ಹುಣ್ಣು ಮಾಡುತ್ತದೆ. ನಾನು ಹತ್ತಿರದಿಂದ ಕಂಡಿದ್ದು ಮಲೇರಿಯಾವನ್ನು. ಮಂಗಳೂರಿನ ಲ್ಯಾಬೊಂದರಲ್ಲಿ ವರ್ಷಗಟ್ಟಲೆ ರಕ್ತದ ಸ್ಲೈಡ್ ನೋಡಿದವಳು ನಾನು.

ಗೀಮ್ಸಾ ಬಣ್ಣ ಹಾಕಿದ ಸ್ಲೈಡಿನಲ್ಲಿ ಮೊದಲು ಕಾಣುವುದು ಉಂಗುರ. ಕೆಂಪು ರಕ್ತಕಣದೊಳಗೆ ತೆಳ್ಳನೆಯ ನೀಲಿ ಬಳೆ, ಅದರ ಅಂಚಿಗೊಂದು ಕೆಂಪು ಚುಕ್ಕೆ, ಥೇಟ್ ಹರಳಿನುಂಗುರ. ಅಲ್ಲಿ ಕೂತು ಅದು ಹಿಮೋಗ್ಲೋಬಿನ್ ತಿನ್ನುತ್ತದೆ. ತಿಂದಮೇಲೆ ಉಳಿಯುವ ಹೀಮ್ (ಹಿಮೋಗ್ಲೋಬಿನ್ನಿನ ಕಬ್ಬಿಣವಿರುವ ಭಾಗ) ಅದಕ್ಕೇ ವಿಷ! ಹಾಗಾಗಿ ಅದನ್ನು ಹರಳುಗಟ್ಟಿಸಿ ಪಕ್ಕಕ್ಕಿಡುತ್ತದೆ. ಸ್ಲೈಡಿನಲ್ಲಿ ಕಂದು ಪುಡಿಯಂತೆ ಕಾಣುವುದು ಇದೇ. ಕ್ಲೋರೋಕ್ವಿನ್ ಮಾತ್ರೆ ಈ ಹರಳುಗಟ್ಟುವುದನ್ನೇ ತಡೆಯುತ್ತದೆ. ಆಗ ತಿಂದ ಅನ್ನವೇ ಅದನ್ನು ಕೊಲ್ಲುತ್ತದೆ.

ಸುಮಾರು 48 ಗಂಟೆಯಲ್ಲಿ ಒಂದು ಹತ್ತಿಪ್ಪತ್ತಾಗಿ, ಕಣ ಒಡೆದು ಹೊರಬರುತ್ತವೆ. ಜೊತೆಗೆ ಒಳಗಿನ ಕಸವೂ ರಕ್ತಕ್ಕೆ ಸುರಿಯುತ್ತದೆ. ದಿನ ಬಿಟ್ಟು ದಿನ ಹಲ್ಲು ಕಟಕಟಿಸುವ ಚಳಿಜ್ವರ ಬರುವುದು ಇದರಿಂದ.

ನನಗೆ ಹೆಚ್ಚು ಭಯ ಫಾಲ್ಸಿಪಾರಂ ಎಂಬ ಜಾತಿಯ ಮಲೇರಿಯಾ ಪರಾವಲಂಬಿಯ ಬಗ್ಗೆ. ಆರೋಗ್ಯವಂತ ಕೆಂಪು ಕಣ ತನಗಿಂತ ಸಪೂರ ನಾಳದಲ್ಲೂ ಬಳುಕಿ ನುಸುಳಬಲ್ಲದು. ಸೋಂಕು ತಗುಲಿದ ಕಣ ಬಿರುಸಾಗುತ್ತದೆ. ಅಂಥದ್ದನ್ನು ರಕ್ತ ಸೋಸುವ ಗುಲ್ಮ (ಸ್ಪ್ಲೀನ್) ಹಿಡಿದು ನಾಶಮಾಡಬೇಕು. ಆದರೆ ಫಾಲ್ಸಿಪಾರಂ ಕಣದ ಮೈಮೇಲೆ ಸಣ್ಣ ಗುಬುಟುಗಳನ್ನು ಎಬ್ಬಿಸಿ, ತನ್ನದೇ ಅಂಟು ಪ್ರೋಟೀನನ್ನು ಅಲ್ಲಿಗೆ ತಂದಿಡುತ್ತದೆ. ಕಣ ಹೋಗಿ ನಾಳದ ಗೋಡೆಗೆ ಅಂಟಿಕೊಳ್ಳುತ್ತದೆ, ಗುಲ್ಮದ ಕಡೆ ಸುಳಿಯುವುದೇ ಇಲ್ಲ. ಹೀಗಾಗಿ ಬೆರಳಿನಿಂದ ತೆಗೆದ ರಕ್ತದಲ್ಲಿ ಸಾಮಾನ್ಯವಾಗಿ ಎಳೆಯ ಉಂಗುರಗಳಷ್ಟೇ ಸಿಗುತ್ತವೆ. ಬಲಿತವು ಒಳಗೆಲ್ಲೋ, ಕೆಲವರಲ್ಲಿ ಮಿದುಳಿನ ನಾಳಗಳಲ್ಲೇ, ಕಚ್ಚಿಕೊಂಡು ಕೂತಿರುತ್ತವೆ. ರಕ್ತದ ಓಟ ಕಟ್ಟಿ ರೋಗಿ ಪ್ರಜ್ಞೆ ತಪ್ಪಬಹುದು. ಸ್ಲೈಡಿನಲ್ಲಿ ಕಡಿಮೆ ಕಂಡಿತೆಂದು ಸಮಾಧಾನಪಡುವ ಹಾಗಿಲ್ಲ.

ಇನ್ನೊಂದು ಜಾತಿಯಾದ ವೈವಾಕ್ಸ್‌ನದು ಬೇರೆ ಉಪಾಯ. ಅದು ಹೆಚ್ಚಾಗಿ ಎಳೆಯ ಕೆಂಪು ಕಣಗಳನ್ನೇ ಹುಡುಕಿ ಹೊಗುತ್ತದೆ. ಸೋಂಕು ತಗುಲಿದ ಕಣ ಊದಿಕೊಂಡು ಅಕ್ಕಪಕ್ಕದವಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೆಲವು ಪರಾವಲಂಬಿಗಳು ಲಿವರ್ ಕೋಶಗಳಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಮಲಗಿರುತ್ತವೆ. ರಕ್ತ ಪರೀಕ್ಷೆಯಲ್ಲಿ ಅವು ಸಿಗುವುದಿಲ್ಲ. ವೈದ್ಯರು 14 ದಿನ ಪ್ರೈಮಾಕ್ವಿನ್ ಬರೆಯುವುದು ಅವಕ್ಕಾಗಿ. ಜ್ವರ ಬಿಟ್ಟಿತೆಂದು ಐದನೇ ದಿನಕ್ಕೇ ಮಾತ್ರೆ ನಿಲ್ಲಿಸಿದವರು ಎಷ್ಟೋ ಸಲ ಕೆಲವು ತಿಂಗಳ ಮೇಲೆ ಮತ್ತೆ ಬೆರಳು ಚಾಚಿಕೊಂಡು ನನ್ನೆದುರು ಕೂತಿದ್ದಾರೆ. ಸ್ಲೈಡಿನಲ್ಲಿ ಅದೇ ನೀಲಿ ಉಂಗುರ.