ವಾರಂಟಿ ಇರುವ ಕಾರಿಗೆ ನಾವೇ ಕೈಹಾಕಬಹುದಾ?

ನೀವು ಸುರತ್ಕಲ್‌ನವರು, ಕಾರು ತೆಗೆದುಕೊಂಡು ಎಂಟು ತಿಂಗಳಾಗಿದೆ, ಫಿಲ್ಟರ್, ಆಯಿಲ್ ಎಲ್ಲ ಮನೆಯಲ್ಲೇ ಬದಲಿಸಿಕೊಳ್ಳುವ ಮನಸ್ಸಿದೆ. ಆದರೆ ಸರ್ವಿಸ್ ಸೆಂಟರಿನಲ್ಲಿ "ಹೊರಗೆ ಕೈಹಾಕಿದರೆ ವಾರಂಟಿ ಇಲ್ಲ" ಅಂದಿದ್ದಾರೆ, ಅದು ನಿಜವಾ ಅಂತ ಕೇಳಿದ್ದೀರಿ.

ಅವರು ಹೇಳಿದಷ್ಟು ಸರಳವಾಗಿ ವಾರಂಟಿ ಹೋಗುವುದಿಲ್ಲ ಮಾರಾಯ್ರೆ. ಆದರೆ ಏನು ಮಾಡಿದ್ದೀರಿ ಅಂತ ತೋರಿಸಲಿಕ್ಕೆ ನಿಮ್ಮ ಕೈಯಲ್ಲಿ ದಾಖಲೆ ಇರಬೇಕು. ಇದು ನನಗೆ ಅನುಭವದಿಂದಲೇ ಗೊತ್ತಾದದ್ದು.

ನಮ್ಮ ಮನೆ ಕಾಪುವಿನಲ್ಲಿ, ಸಮುದ್ರದ ಹತ್ತಿರ. ಕಾರು ನಿಲ್ಲುವುದು ಮಾವಿನ ಮರದ ಅಡಿ. ಹೋದ ವರ್ಷ ಜುಲೈಯಲ್ಲಿ ಎ.ಸಿ. ಬ್ಲೋವರ್, ಅಂದರೆ ಒಳಗೆ ಗಾಳಿ ಊದುವ ಫ್ಯಾನ್, ಕಿರ್ರ್ ಅನ್ನಲಿಕ್ಕೆ ಶುರುವಾಗಿ ಎರಡೇ ದಿನದಲ್ಲಿ ನಿಂತುಹೋಯಿತು. ಮಳೆಗಾಲದಲ್ಲಿ ಬ್ಲೋವರ್ ಇಲ್ಲದಿದ್ದರೆ ಎದುರಿನ ಗಾಜು ಒಳಗಿನಿಂದ ಮಂಜು ಕಟ್ಟುತ್ತದೆ, ಹೆದ್ದಾರಿ 66ರಲ್ಲಿ ಹೋಗುವುದು ಜೀವಕ್ಕೇ ಅಪಾಯ. ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿಯ ಅಡ್ವೈಸರ್ ಗ್ಲೋವ್ ಬಾಕ್ಸ್ ಬಿಚ್ಚಿ ನೋಡಿ, "ಎ.ಸಿ. ಫಿಲ್ಟರ್ ನಮ್ಮಲ್ಲಿ ಹಾಕಿಸಿದ್ದಲ್ಲ ಅಲ್ವಾ ಸರ್? ಎಲೆ ಕಟ್ಟಿ ನೀರು ಒಳಗೆ ಬಂದಿದೆ. ಇದು ವಾರಂಟಿಯಲ್ಲಿ ಆಗ್ಲಿಕ್ಕಿಲ್ಲ" ಅಂದರು.

ನಾನು ಫೋನ್ ತೆಗೆದೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಎ.ಸಿ.ಗೆ ಹೊರಗಿನ ಗಾಳಿ ಹೋಗುವ ವೈಪರ್ ಬುಡದ ಪ್ಲಾಸ್ಟಿಕ್ ಜಾಲರಿಯ ಎಲೆಗಳನ್ನೆಲ್ಲ ತೆಗೆದು, ಒಂದು ಚೊಂಬು ನೀರು ಹೊಯ್ದು, ಅದು ಮುಂದಿನ ಚಕ್ರದ ಹಿಂದಿನಿಂದ ಸಲೀಸಾಗಿ ಇಳಿಯುವುದನ್ನು ವಿಡಿಯೋ ಮಾಡಿಟ್ಟಿದ್ದೆ. ಅವತ್ತೇ ಹಾಕಿದ ಹೊಸ ಫಿಲ್ಟರಿನ ಫೋಟೋ ಇತ್ತು. ಅದರ ಅಂಚಿನಲ್ಲಿ ಗಾಳಿ ಹೋಗುವ ದಿಕ್ಕಿನ ಬಾಣದ ಗುರುತು ಇರುತ್ತದಲ್ಲ, ಅದೂ ಸರಿಯಾಗಿ ಕಾಣುತ್ತಿತ್ತು. ಕಂಪನಿಯದೇ ಬಿಡಿಭಾಗ, ಬಿಲ್ಲು ಇತ್ತು, ಓಡೋಮೀಟರಿನ ಫೋಟೋ ಇತ್ತು. "ಫಿಲ್ಟರಿನಿಂದಲೇ ಬ್ಲೋವರ್ ಮೋಟರ್ ಹಾಳಾದದ್ದು ಹೇಗೆ, ವಾರಂಟಿ ಪುಸ್ತಕದ ಯಾವ ಷರತ್ತಿನಲ್ಲಿ ಇದನ್ನು ನಿರಾಕರಿಸುತ್ತೀರಿ, ಎರಡನ್ನೂ ಜಾಬ್ ಕಾರ್ಡಿನ ಮೇಲೆ ಬರೆದು ಸಹಿ ಹಾಕಿ ಕೊಡಿ" ಅಂದೆ. (ಜಾಬ್ ಕಾರ್ಡ್ ಅಂದರೆ ಕಾರಿನ ಕೆಲಸ ಬರೆದುಕೊಳ್ಳುವ ಅವರ ಚೀಟಿ.) ಜಗಳ ಆಡಲಿಲ್ಲ, ಸ್ವರ ಏರಿಸಲಿಲ್ಲ. ಅವರು ಒಳಗೆ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿ ಬಂದರು. ನಾಲ್ಕನೇ ದಿನ ಹೊಸ ಮೋಟರ್ ಕೂತಿತು, ನನ್ನ ಕೈಯಿಂದ ಒಂದು ಪೈಸೆ ಹೋಗಲಿಲ್ಲ. ಆ ಫೋಟೋಗಳು ಇಲ್ಲದಿದ್ದರೆ ದುಡ್ಡು ಕೊಟ್ಟೇ ಬರುತ್ತಿದ್ದೆ.

ಕಾನೂನಿನ ಮಾತಿಗೆ ಬಂದರೆ, 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ (ಮಾರುಕಟ್ಟೆಯಲ್ಲಿ ಪೈಪೋಟಿ ಸರಿಯಾಗಿದೆಯಾ ಅಂತ ನೋಡುವ ಸರ್ಕಾರಿ ಸಂಸ್ಥೆ) 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಬಿಡಿಭಾಗಗಳನ್ನು ಹೊರಗಿನ ಮಾರುಕಟ್ಟೆಗೆ ಬಿಡದೆ ಗ್ರಾಹಕರನ್ನು ಕಟ್ಟಿಹಾಕಿದ್ದಕ್ಕೆ. ಹೊರಗಿನ ಮೆಕ್ಯಾನಿಕ್ ಹತ್ತಿರ ಹೋದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅನ್ನುವ ಷರತ್ತು ಹಾಕಬಾರದು, ಹೊರಗೆ ಮಾಡಿದ ತಪ್ಪು ಕೆಲಸದಿಂದ ಎಷ್ಟು ಹಾನಿಯಾಗಿದೆಯೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಅಂತ ಅದೇ ಆದೇಶದಲ್ಲಿ ಇದೆ. ಕಂಪನಿಗಳು ಮೇಲ್ಮನವಿ ಹಾಕಿ ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. ಹಾಗಾಗಿ ಆದೇಶದ ಪ್ರತಿ ಹಿಡಿದುಕೊಂಡು ಕೌಂಟರಿಗೆ ಹೋದರೆ ಕೆಲಸ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಅದರಲ್ಲಿರುವ ನ್ಯಾಯ ಗಟ್ಟಿ: ನೀವು ವೈಪರ್ ಬದಲಿಸಿದ್ದಕ್ಕೂ ಗೇರ್ ಬಾಕ್ಸ್ ಹಾಳಾಗುವುದಕ್ಕೂ ಏನು ಸಂಬಂಧ?

ಇನ್ನು ಆಯಿಲ್. ವಾರಂಟಿ ಮುಗಿಯುವವರೆಗೆ ಎಂಜಿನ್ ಆಯಿಲ್ ನೀವೇ ಬದಲಿಸಬೇಡಿ ಅಂತಲೇ ನನ್ನ ಸಲಹೆ. ಕೆಲಸ ಕಷ್ಟ ಅಂತಲ್ಲ. ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ಅಥವಾ ತಿಂಗಳಿಗೆ, ಯಾವುದು ಮೊದಲೋ ಆಗ, ಸರ್ವಿಸ್ ಆಗಿದೆ ಅನ್ನುವುದಕ್ಕೆ ಕಂಪನಿಯ ಕಂಪ್ಯೂಟರಿನಲ್ಲಿ ದಾಖಲೆ ಬೀಳುತ್ತದೆ. ನಾಳೆ ಎಂಜಿನ್ನೇ ಕೈಕೊಟ್ಟರೆ ಅವರು ಮೊದಲು ನೋಡುವುದು ಅದನ್ನೇ. ಹೆಚ್ಚಿನ ಕಂಪನಿಗಳಲ್ಲಿ ಮೊದಲ ಮೂರು ಸರ್ವಿಸಿಗೆ ಹೇಗೂ ಕೂಲಿ ಇಲ್ಲ, ಆಯಿಲ್ ಮತ್ತು ಫಿಲ್ಟರಿನ ದುಡ್ಡು ಮಾತ್ರ. ಉಳಿತಾಯ ಇರುವುದು ಬೇರೆ ಕಡೆ. ಎಸ್ಟಿಮೇಟ್ ಚೀಟಿಯಲ್ಲಿ ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಎಂಜಿನ್ ಡ್ರೆಸ್ಸಿಂಗ್, ಎ.ಸಿ. ಡಿಸ್‌ಇನ್ಫೆಕ್ಷನ್ ಅಂತ ಸೇರಿಸಿರುತ್ತಾರೆ. "ಇದು ನನ್ನ ಪುಸ್ತಕದ ಸರ್ವಿಸ್ ಪಟ್ಟಿಯಲ್ಲಿ ಉಂಟಾ?" ಅಂತ ಕೇಳಿ. ಇಲ್ಲವಾದರೆ ಬೇಡ ಅನ್ನಿ. ಅದಕ್ಕೆ ವಾರಂಟಿ ಹೋಗುವುದಿಲ್ಲ. ನಾನು ಪ್ರತಿ ಸಲವೂ ಅವನ್ನು ಚೀಟಿಯಿಂದ ತೆಗೆಸುತ್ತೇನೆ.

ಏರ್ ಫಿಲ್ಟರ್, ಎ.ಸಿ. ಫಿಲ್ಟರ್, ವೈಪರ್ ಬ್ಲೇಡ್, ವಾಷರ್ ನೀರು, ಟಯರಿನ ಗಾಳಿ, ಬ್ಯಾಟರಿ ಟರ್ಮಿನಲ್ ಸ್ವಚ್ಛ ಮಾಡುವುದು, ಇದೆಲ್ಲ ಧಾರಾಳವಾಗಿ ಮಾಡಿ. ಕೂಲೆಂಟ್ ಕಡಿಮೆಯಾದರೆ ಪುಸ್ತಕದಲ್ಲಿ ಹೇಳಿದ್ದನ್ನೇ ತುಂಬಿಸಿ, ಅದೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ.

ನಮ್ಮ ಕರಾವಳಿಗೆ ಇದಕ್ಕಿಂತ ಮುಖ್ಯವಾದದ್ದು ಉಪ್ಪು. ಪಣಂಬೂರು, ಮಲ್ಪೆ ಕಡೆ ಹೋಗಿ ಬಂದ ಮೇಲೆ ಕಾರಿನ ಅಡಿಭಾಗಕ್ಕೆ ಸಿಹಿನೀರು ಬಿಟ್ಟು ತೊಳೆಯಿರಿ, ಚಕ್ರದ ಮೇಲಿನ ಕಮಾನಿನೊಳಗೆ ಕೂತ ಕೆಂಪು ಮಣ್ಣನ್ನು ಬಿಡಿಸಿ. ಆ ಮಣ್ಣು ನೀರನ್ನು ಹಿಡಿದುಕೊಂಡೇ ಇರುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ಆದರೆ ಬಾನೆಟ್ ಒಳಗೆ ಪ್ರೆಷರ್ ಪಂಪ್ ಹಿಡಿಯಬೇಡಿ. ಕನೆಕ್ಟರಿನೊಳಗೆ ನೀರು ಹೋದರೆ ನಿಮ್ಮ ತಪ್ಪು ಅಂತಲೇ ಬರೆಯುತ್ತಾರೆ, ಬರೆದರೆ ಅದು ಸರಿಯೂ ಹೌದು.

ವಯರ್ ಮಾತ್ರ ಕತ್ತರಿಸಬೇಡಿ. ಜೋರು ಹಾರ್ನ್, ಹೊಸ ಲೈಟು, ಸ್ಟೀರಿಯೋ, ಏನೇ ಇರಲಿ, ವಯರ್ ಸುಲಿದು ಟೇಪ್ ಸುತ್ತಿದ್ದು ಕಂಡರೆ ಇಲೆಕ್ಟ್ರಿಕಲ್ ಕ್ಲೇಮ್ ಅಲ್ಲಿಗೆ ಮುಗಿಯಿತು. ಅಂಥ ಕಡೆ ಶಾರ್ಟ್ ಆಗಿ ಕಾರೇ ಸುಟ್ಟುಹೋಗಬಹುದು. ಇಲಿ ಕಚ್ಚಿದ ವಯರ್, ಕೊಟ್ಟಾರ ಚೌಕಿಯ ನೆರೆನೀರಿನಲ್ಲಿ ಓಡಿಸಿ ನೀರು ಎಳೆದುಕೊಂಡ ಎಂಜಿನ್, ಇವು ವಾರಂಟಿಗೆ ಬರುವುದೇ ಇಲ್ಲ. ಅದಕ್ಕೆ ವಿಮೆ ನೋಡಿಕೊಳ್ಳಿ, ಎಂಜಿನ್ ಪ್ರೊಟೆಕ್ಷನ್ ಸೇರಿಸಿದ್ದು. ಟಯರ್, ಬ್ಯಾಟರಿಯ ವಾರಂಟಿ ಸಾಮಾನ್ಯವಾಗಿ ಅವುಗಳನ್ನು ಮಾಡಿದ ಕಂಪನಿಯದ್ದು, ಆ ಕಾರ್ಡುಗಳನ್ನು ಬೇರೆಯೇ ಇಟ್ಟುಕೊಳ್ಳಿ.

ಒಂದು ನೂರು ಪುಟದ ನೋಟ್‌ಬುಕ್ ಗ್ಲೋವ್ ಬಾಕ್ಸಿನಲ್ಲಿಡಿ. ತಾರೀಕು, ಕಿಲೋಮೀಟರ್, ಏನು ಮಾಡಿದಿರಿ, ಬಿಡಿಭಾಗದ ನಂಬರ್. ಜಿ.ಎಸ್.ಟಿ. ಬಿಲ್ಲನ್ನೇ ಕೇಳಿ ಪಡೆಯಿರಿ, ಅದರಲ್ಲಿ ಕಾರಿನ ನಂಬರ್ ಬರೆಸಿ. ಥರ್ಮಲ್ ಕಾಗದದ ಬಿಲ್ಲು ಒಂದು ಮಳೆಗಾಲ ಕಳೆಯುವುದರೊಳಗೆ ಮಾಸಿಹೋಗುತ್ತದೆ, ಅವತ್ತೇ ಫೋಟೋ ತೆಗೆದಿಡಿ.

ಇಷ್ಟೆಲ್ಲ ಇದ್ದೂ ನಿರಾಕರಿಸಿದರೆ ಮೊದಲು ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಬರೆಯಿರಿ, ಬಾಯಿಮಾತು ಬೇಡ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಆಗದಿದ್ದರೆ ಮಂಗಳೂರಿನಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. ವಸ್ತುವಿಗೆ ಅಥವಾ ಸೇವೆಗೆ ನೀವು ತೆತ್ತ ಮೊತ್ತ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ಜಾಬ್ ಕಾರ್ಡಿನ ಮೇಲೆ ಬರೆಸಿಕೊಂಡ ಆ ನಿರಾಕರಣೆಯ ಪ್ರತಿಯನ್ನು ದೂರಿಗೆ ಲಗತ್ತಿಸಿ.