ಫುಟ್‌ಬಾಲ್ ಮೈದಾನದಿಂದ ನಾಟಕದ ಮನೆಗೆ

ನಮಸ್ಕಾರ.

ನಿಮ್ಮ ಮೂರು ಪುಟದ ಪತ್ರ ತಲುಪಿತು. ಒಂದಲ್ಲ, ಎರಡು ಸಲ ಓದಿದೆ. ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸುವ ಪತ್ರ ಅದಲ್ಲ ಅನ್ನಿಸಿತು. ಹಾಗಾಗಿ ಈ ಸಂಚಿಕೆಯಲ್ಲಿ ಓದುಗರ ಪತ್ರದ ಜಾಗ ಪೂರ್ತಿ ನಿಮಗೇ.

ಬೇರೆ ಓದುಗರಿಗಾಗಿ ಪತ್ರದ ಸಾರ ಹೇಳಿಬಿಡುತ್ತೇನೆ. ಶಿವಮೊಗ್ಗದ ಈ ತಾಯಿಯ ಮಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಓದು ಮುಗಿದ ಮೇಲೆ ಹೆಗ್ಗೋಡಿಗೆ ಹೋಗಿ ನಾಟಕ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅವನ ಕೋಣೆಯ ಗೋಡೆಯ ಮೇಲೆ ಪಾಲ್ ಮೆಸ್ಕಲ್ ಎಂಬ ನಟನ ಚಿತ್ರ ಅಂಟಿಸಿಕೊಂಡಿದ್ದಾನೆ. "ಆ ಬ್ರಿಟಿಷ್ ಹುಡುಗನಿಗೆ ಒಂದು ಧಾರಾವಾಹಿಯಿಂದ ಒಂದೇ ರಾತ್ರಿಯಲ್ಲಿ ಅದೃಷ್ಟ ಖುಲಾಯಿಸಿತು. ಎಲ್ಲರಿಗೂ ಹಾಗಾಗುತ್ತದೆಯೇ? ಅಷ್ಟು ಹೆಸರು ಬಂದ ಮೇಲೂ ಅವನು ಮತ್ತೆ ನಾಟಕ ಅಂತ ಯಾಕೆ ಹೋಗುತ್ತಾನೆ?" ಇದು ತಾಯಿಯ ಪ್ರಶ್ನೆ.

ಮೊದಲು ಒಂದು ತಿದ್ದುಪಡಿ. ಪಾಲ್ ಬ್ರಿಟಿಷ್ ಅಲ್ಲ, ಐರಿಷ್. ಇದು ಸಣ್ಣ ವಿಷಯ ಅಂತ ಅನ್ನಿಸಬಹುದು. ಐರ್ಲೆಂಡಿನವರಿಗೆ ಸಣ್ಣದಲ್ಲ. ನೂರಾರು ವರ್ಷ ಇಂಗ್ಲೆಂಡಿನ ಕೈಕೆಳಗಿದ್ದು, 1922ರಲ್ಲಿ ತಮ್ಮದೇ ಸರ್ಕಾರ ಕಟ್ಟಿಕೊಂಡ ಜನ ಅವರು. ಅವರ ನಟರು ಗೆದ್ದಾಗ ಲಂಡನ್ನಿನ ಪತ್ರಿಕೆಗಳು 'ನಮ್ಮವರು' ಅಂತ ಬರೆದುಕೊಂಡರೆ ಅವರಿಗೆ ಸಿಟ್ಟು ಬರುತ್ತದೆ. ಬರಲೇಬೇಕು ಅಲ್ವಾ?

2022ರ ಜನಗಣತಿಯ ಪ್ರಕಾರ ಐರ್ಲೆಂಡಿನ ಅಷ್ಟೂ ಜನ ಸೇರಿದರೆ 51 ಲಕ್ಷದ ಆಸುಪಾಸು. ನಮ್ಮ ಬೆಂಗಳೂರಿನ ಜನಸಂಖ್ಯೆಗಿಂತ ಕಡಿಮೆ. 2023ರ ಆಸ್ಕರ್‌ನಲ್ಲಿ ನಟನೆಗೆ ಒಟ್ಟು 20 ಜನರ ಹೆಸರು ಆಯ್ಕೆಯಾಗಿತ್ತು. ಅದರಲ್ಲಿ 5 ಮಂದಿ ಐರ್ಲೆಂಡಿನವರು. ಕಾಲಿನ್ ಫ್ಯಾರೆಲ್, ಬ್ರೆಂಡನ್ ಗ್ಲೀಸನ್, ಕೆರಿ ಕಾಂಡನ್, ಬ್ಯಾರಿ ಕೋಗನ್, ಮತ್ತೆ ನಿಮ್ಮ ಮಗನ ಗೋಡೆಯ ಮೇಲಿರುವ ಪಾಲ್. ಇಷ್ಟು ಪುಟ್ಟ ದೇಶದಿಂದ ಐದು ಜನ ಒಟ್ಟಿಗೆ ಬಂದಿದ್ದಾರೆ ಅಂದರೆ ಅದು ಬರೀ ಒಬ್ಬ ಹುಡುಗನ ಅದೃಷ್ಟದ ಮಾತಾಗಿ ಉಳಿಯುವುದಿಲ್ಲ. ಅಲ್ಲಿನ ನೆಲದಲ್ಲೇ ಏನೋ ಇದೆ.

ಪಾಲ್ ಹುಟ್ಟಿದ್ದು 1996ರ ಫೆಬ್ರವರಿ 2ರಂದು. ಊರು ಕಿಲ್ಡೇರ್ ಜಿಲ್ಲೆಯ ಮೇನೂತ್. ಡಬ್ಲಿನ್‌ಗೆ ಹತ್ತಿರದ, ವಿಶ್ವವಿದ್ಯಾಲಯ ಇರುವ ಊರು. ಅಮ್ಮ ಪೊಲೀಸ್ ಇಲಾಖೆಯಲ್ಲಿದ್ದವರು. ಅಪ್ಪ ಶಾಲೆಯಲ್ಲಿ ಮೇಷ್ಟ್ರು, ಜೊತೆಗೆ ನಾಟಕದ ಹುಚ್ಚು ಇದ್ದವರು. ಮೂರು ಮಕ್ಕಳಲ್ಲಿ ಇವನೇ ದೊಡ್ಡವನು. ನಿಮ್ಮ ಮನೆಯಂಥದ್ದೇ ಮನೆ. ತಿಂಗಳ ಸಂಬಳದ ಮನೆ.

ಅವನ ಮೊದಲ ಪ್ರೀತಿ ನಾಟಕ ಅಲ್ಲ, ಗೇಲಿಕ್ ಫುಟ್‌ಬಾಲ್. ಇದು ನಾವು ಟೀವಿಯಲ್ಲಿ ನೋಡುವ ಫುಟ್‌ಬಾಲ್ ಅಲ್ಲ. ಒಂದೊಂದು ತಂಡಕ್ಕೆ 15 ಜನ. ಚೆಂಡನ್ನು ಕಾಲಲ್ಲೂ ಒದೆಯಬಹುದು, ಕೈಯಲ್ಲೂ ಹಿಡಿದು ಓಡಬಹುದು. ಡಬ್ಲಿನ್ನಿನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ 82 ಸಾವಿರ ಜನ ಕಿಕ್ಕಿರಿದು ನೋಡುತ್ತಾರೆ. ಆದರೂ ಆಡುವವರಿಗೆ ಸಂಬಳ ಇಲ್ಲ. ಬೆಳಗ್ಗೆ ಪಾಠ ಮಾಡುವ ಮೇಷ್ಟ್ರು, ಬಡಗಿ, ಬ್ಯಾಂಕಿನ ಗುಮಾಸ್ತ, ಎಲ್ಲರೂ ಕೆಲಸ ಮುಗಿಸಿ ಬಂದು ತಮ್ಮ ಜಿಲ್ಲೆಗಾಗಿ ಆಡುತ್ತಾರೆ. ಪಾಲ್ ಕಿಲ್ಡೇರ್ ಜಿಲ್ಲೆಯ ಕಿರಿಯರ ತಂಡದಲ್ಲಿ, ಆಮೇಲೆ 21ರೊಳಗಿನವರ ತಂಡದಲ್ಲಿ ಆಡಿದ. ದವಡೆಗೆ ಪೆಟ್ಟು ಬಿದ್ದ ಮೇಲೆ ಆಟ ಬಿಟ್ಟ. ಅಷ್ಟರೊಳಗೆ ಶಾಲೆಯಲ್ಲಿ ಒಂದು ಸಂಗೀತ ನಾಟಕದ ಮುಖ್ಯ ಪಾತ್ರ ಮಾಡಿದ್ದ. ಆಗ ಅವನಿಗೆ 16 ವರ್ಷ.

ದುಡ್ಡಿಲ್ಲದೆ, ಊರಿಗಾಗಿ, ಮಳೆಯಲ್ಲಿ ನೆನೆಯುತ್ತ ದಿನಾ ಅಭ್ಯಾಸ ಮಾಡಿದ ಹುಡುಗನಿಗೆ ನಾಟಕದ ತಾಲೀಮು ಹೊಸದೇನೂ ಅಲ್ಲ ಅನ್ನುವುದು ನನ್ನ ಎಣಿಕೆ.

ಮುಂದಿನದು ಓದು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿಗೆ ಸೇರಿದ ಲಿರ್ ಅಕಾಡೆಮಿಯಲ್ಲಿ ನಟನೆಯ ಪದವಿ. 2011ರಲ್ಲಿ ಶುರುವಾದ ಶಾಲೆ ಅದು. ದನಿ, ಮೈ, ಉಸಿರು, ಮಾತು, ಒಂದೊಂದನ್ನೂ ಕುಳಿತು ತಿದ್ದಿಸುತ್ತಾರೆ. 2017ರಲ್ಲಿ ಪದವಿ ಮುಗಿಯಿತು. ಅದೇ ವರ್ಷ ಡಬ್ಲಿನ್ನಿನ ಗೇಟ್ ಥಿಯೇಟರ್‌ನಲ್ಲಿ 'ದಿ ಗ್ರೇಟ್ ಗ್ಯಾಟ್ಸ್‌ಬಿ'ಯ ಗ್ಯಾಟ್ಸ್‌ಬಿ ಪಾತ್ರ ಅವನಿಗೆ ಸಿಕ್ಕಿತು. 1928ರಿಂದ ನಡೆದು ಬಂದ ರಂಗಮಂದಿರ ಗೇಟ್. ಆ ಪ್ರಯೋಗಕ್ಕೆ ಇಡೀ ಕಟ್ಟಡವನ್ನೇ ಗ್ಯಾಟ್ಸ್‌ಬಿಯ ಬಂಗಲೆ ಮಾಡಿದ್ದರು. ನೋಡುವವರು ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ನಟರ ಜೊತೆಯೇ ಓಡಾಡಬೇಕು. ಅಂದರೆ ನಟನ ಮುಖ ನಿಮ್ಮಿಂದ ಎರಡು ಮೊಳ ದೂರ. ಸುಳ್ಳು ಮಾಡಿದರೆ ತಕ್ಷಣ ಗೊತ್ತಾಗಿಬಿಡುತ್ತದೆ. 21ರ ಹುಡುಗನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೇನು ಬೇಕು?

ಆಮೇಲೆ ಸುಮಾರು ಮೂರು ವರ್ಷ ನಾಟಕದ ಮೇಲೆ ನಾಟಕ. ನಡುವೆ ಟೀವಿಯಲ್ಲಿ ಒಂದು ಸಾಸೇಜ್ ಜಾಹೀರಾತು. 2020ರ ಆರಂಭದಲ್ಲೂ ಅವನು ಡಬ್ಲಿನ್ನಿನ ಗೇಯಿಟಿ ಥಿಯೇಟರ್‌ನಲ್ಲಿ 'ದಿ ಲೆಫ್ಟಿನೆಂಟ್ ಆಫ್ ಇನಿಷ್‌ಮೋರ್' ಎಂಬ ನಾಟಕ ಆಡುತ್ತಿದ್ದ. ಆ ವರ್ಷ ಏಪ್ರಿಲ್ ಕೊನೆಯಲ್ಲಿ 'ನಾರ್ಮಲ್ ಪೀಪಲ್' ಧಾರಾವಾಹಿ ಬಂತು. ಕೊರೊನಾದಿಂದ ಜಗತ್ತೆಲ್ಲ ಮನೆಯೊಳಗೆ ಕೂತಿದ್ದ ಹೊತ್ತು. ನೀವು ಹೇಳುವ 'ಒಂದೇ ರಾತ್ರಿ' ಅದು. ಆದರೆ ಅದರ ಹಿಂದೆ ಕಾಲೇಜಿನ ವರ್ಷಗಳು, ಮೂರು ವರ್ಷದ ರಂಗಭೂಮಿ ಎಲ್ಲ ಸೇರಿದ್ದವು. ನಮ್ಮ ಪತ್ರಿಕೆಯಲ್ಲೂ ಹಿಂದೊಮ್ಮೆ ಇವನ ಬಗ್ಗೆ 'ರಾತ್ರೋರಾತ್ರಿ ತಾರೆ' ಅಂತ ಅಚ್ಚಾಗಿತ್ತು. ಅದು ತಪ್ಪು. ಈಗ ತಿದ್ದಿಕೊಳ್ಳುತ್ತೇನೆ.

ಆ ಧಾರಾವಾಹಿಯ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಸ್ಯಾಲಿ ರೂನಿ ಬರೆದ ಕಾದಂಬರಿಯಿಂದ ಮಾಡಿದ್ದು ಅದು. 12 ಕಂತು. ಪಶ್ಚಿಮ ಐರ್ಲೆಂಡಿನ ಸ್ಲೈಗೋ ಕಡೆಯ ಸಣ್ಣ ಊರಿನ ಹುಡುಗ ಕಾನೆಲ್. ಪಾಲ್ ಮಾಡಿದ್ದು ಈ ಪಾತ್ರ. ಅವನ ಅಮ್ಮ ಬೇರೆಯವರ ಮನೆ ಕೆಲಸ ಮಾಡುತ್ತಾಳೆ. ಆ ಮನೆಯ ಹುಡುಗಿಯೇ ಮರಿಯಾನ್. ಇಬ್ಬರ ನಡುವಿನ ಪ್ರೀತಿ, ಸಂಕೋಚ, ಹೇಳಬೇಕಾದ ಮಾತನ್ನು ಹೇಳದೇ ಉಳಿಸಿಕೊಳ್ಳುವ ಸಂಕಟ. ಇದಿಷ್ಟೇ ಕತೆ. ಹತ್ತನೇ ಕಂತಿನಲ್ಲಿ ಶಾಲೆಯ ಗೆಳೆಯನೊಬ್ಬ ಆತ್ಮಹತ್ಯೆ ಮಾಡಿಕೊಂಡ ಸುದ್ದಿ ಬರುತ್ತದೆ. ಕಾನೆಲ್ ಕುಸಿದುಹೋಗುತ್ತಾನೆ. ಕಾಲೇಜಿನ ಆಪ್ತಸಮಾಲೋಚಕಿಯ ಮುಂದೆ ಹೋಗಿ ಕೂರುತ್ತಾನೆ. ಮೊದಲು ಬರೀ 'ಹೂಂ', 'ಹೌದು'. ಆಮೇಲೆ ಒಂದೊಂದೇ ಮಾತು. ಊರು ಬಿಟ್ಟು ಬಂದೆ, ಇಲ್ಲಿ ಹೊಂದಲಿಲ್ಲ, ಹಿಂದಕ್ಕೆ ಹೋಗಲು ಅಲ್ಲೂ ಯಾರಿಲ್ಲ. ಹೇಳುತ್ತ ಹೇಳುತ್ತ ಅಳು ಒತ್ತರಿಸಿ ಬರುತ್ತದೆ. ಕ್ಯಾಮೆರಾ ಅವನ ಮುಖ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಆ ದೃಶ್ಯ ನೋಡಿದಾಗ ನನಗೆ ನಮ್ಮ ಹಾಸ್ಟೆಲ್ ದಿನಗಳು ನೆನಪಾದವು. ಹಳ್ಳಿಯಿಂದ ಬಂದು, ಯಾರ ಹತ್ತಿರವೂ ಮಾತಾಡದೆ, ರಾತ್ರಿ ಹೊದಿಕೆ ಮುಚ್ಚಿಕೊಂಡು ಅಳುತ್ತಿದ್ದ ಎಷ್ಟು ಹುಡುಗರಿದ್ದರು! ಗಂಡುಹುಡುಗರು ಅಳಬಾರದು ಅನ್ನುವ ಮಾತು ಐರ್ಲೆಂಡಿನ ಹಳ್ಳಿಯಲ್ಲೂ ಇದೆ, ನಮ್ಮಲ್ಲೂ ಇದೆ.

ಆ ಪಾತ್ರಕ್ಕೆ 2021ರಲ್ಲಿ ಬ್ರಿಟನ್ನಿನ ಬಾಫ್ಟಾ ಟೀವಿ ಪ್ರಶಸ್ತಿ ಬಂತು. ಕಾನೆಲ್ ಕೊರಳಿನ ಬೆಳ್ಳಿ ಸರಕ್ಕೆ ಹುಚ್ಚು ಅಭಿಮಾನಿಗಳು ಹುಟ್ಟಿಕೊಂಡಿದ್ದರು. ಪಾಲ್ ತನ್ನದೊಂದು ಸರವನ್ನು ಲಾಟರಿಗೆ ಇಟ್ಟ. ಬಂದ ಹಣ 70 ಸಾವಿರ ಯೂರೋಗಿಂತ ಜಾಸ್ತಿ. ಅದನ್ನು ಆತ್ಮಹತ್ಯೆ ತಡೆಯಲು ಕೆಲಸ ಮಾಡುವ ಪಿಯೆಟಾ ಎಂಬ ಐರಿಷ್ ಸಂಸ್ಥೆಗೆ ಕೊಟ್ಟ. ನಿಮ್ಮ ಮಗ ಗೋಡೆಯ ಮೇಲೆ ಇಟ್ಟುಕೊಂಡಿರುವುದು ಇಂಥವನನ್ನು.

2022ರಲ್ಲಿ 'ಆಫ್ಟರ್‌ಸನ್' ಬಂತು. ಸ್ಕಾಟ್ಲೆಂಡಿನ ಷಾರ್ಲೆಟ್ ವೆಲ್ಸ್ ಅವರ ಮೊದಲ ಚಿತ್ರ. ಚಿಕ್ಕ ವಯಸ್ಸಿಗೇ ಅಪ್ಪನಾದವನೊಬ್ಬ 11ರ ಮಗಳನ್ನು ರಜೆಗೆ ಟರ್ಕಿಗೆ ಕರೆದುಕೊಂಡು ಹೋಗುತ್ತಾನೆ. ಮಗಳ ಮುಂದೆ ನಗುತ್ತಾನೆ, ಒಳಗೆ ಮುಳುಗುತ್ತಿದ್ದಾನೆ. ಒಂದು ದೃಶ್ಯದಲ್ಲಿ ಅವನು ನಮ್ಮ ಕಡೆ ಬೆನ್ನು ಹಾಕಿ ಅಳುತ್ತಾನೆ. ಮುಖ ಕಾಣುವುದೇ ಇಲ್ಲ. ಬೆನ್ನಿನಿಂದಲೇ ಎಲ್ಲ ಗೊತ್ತಾಗುತ್ತದೆ. ರಂಗದ ಮೇಲೆ ಇಡೀ ಮೈಯನ್ನು ದುಡಿಸಿಕೊಳ್ಳಲು ಕಲಿತವನಿಗೆ ಮಾತ್ರ ಇದು ಸಾಧ್ಯ ಅಂತ ನಾನು ನಂಬುತ್ತೇನೆ. ಆಸ್ಕರ್‌ಗೆ ಹೆಸರು ಬಂದದ್ದು ಇದಕ್ಕೇ.

ಈಗ ನಿಮ್ಮ ಎರಡನೇ ಪ್ರಶ್ನೆ. ಹೆಸರು ಬಂದ ಮೇಲೂ ನಾಟಕ ಯಾಕೆ?

ಅವನು ಮಾಡಿದ್ದನ್ನೇ ನೋಡಿ. 2022ರ ಡಿಸೆಂಬರಿನಲ್ಲಿ ಲಂಡನ್ನಿನ ಅಲ್ಮೇಡಾ ಥಿಯೇಟರ್‌ನಲ್ಲಿ ಟೆನೆಸ್ಸೀ ವಿಲಿಯಮ್ಸ್ ಅವರ 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್' ನಾಟಕದ ಸ್ಟ್ಯಾನ್ಲಿ ಆದ. ಅಲ್ಲಿರುವುದು 325 ಆಸನ. ಹೆಂಡತಿಯನ್ನು ಹೊಡೆಯುವ, ಒರಟು ಗಂಡಸಿನ ಪಾತ್ರ. ಎಲ್ಲರೂ ಮೆಚ್ಚಿದ ಮೃದು ಸ್ವಭಾವದ ಕಾನೆಲ್‌ಗೆ ಪೂರ್ತಿ ಉಲ್ಟಾ. ಆರಂಭಕ್ಕೆ ಕೆಲವೇ ದಿನ ಇದ್ದಾಗ ನಾಟಕದ ನಾಯಕಿ ಬ್ಲಾಂಚ್ ಪಾತ್ರದ ನಟಿಗೆ ಪೆಟ್ಟಾಯಿತು. ಪ್ಯಾಟ್ಸಿ ಫೆರಾನ್ ಎಂಬ ನಟಿ ಬಂದು, ಅಷ್ಟೇ ದಿನಗಳಲ್ಲಿ ಆ ದೊಡ್ಡ ಪಾತ್ರ ಕಲಿತು ರಂಗಕ್ಕೆ ಇಳಿದರು. ಇಡೀ ತಂಡ ಅವರ ಸುತ್ತ ನಿಂತಿತು. ನಾಟಕದಲ್ಲಿ ಇದು ಮಾಮೂಲು. ಒಬ್ಬರು ಎಡವಿದರೆ ಉಳಿದವರು ಹಿಡಿದುಕೊಳ್ಳಬೇಕು. ಸ್ಟ್ಯಾನ್ಲಿಯ ಹೆಂಡತಿ ಸ್ಟೆಲ್ಲಾ ಆಗಿದ್ದವರು ಚೆನ್ನೈಯಲ್ಲಿ ಹುಟ್ಟಿ ಸಿಂಗಪುರದಲ್ಲಿ ಬೆಳೆದ ಅಂಜನಾ ವಾಸನ್.

2023ರ ಮಾರ್ಚ್ 12ಕ್ಕೆ ಆಸ್ಕರ್ ಸಮಾರಂಭ. ಪ್ರಶಸ್ತಿ ಅವನಿಗೆ ಬರಲಿಲ್ಲ. ಎರಡು ವಾರ ಕಳೆಯುವ ಮೊದಲೇ ಅದೇ ನಾಟಕವನ್ನು ಲಂಡನ್ನಿನ ಫೀನಿಕ್ಸ್ ಥಿಯೇಟರ್‌ನಲ್ಲಿ ಆಡುತ್ತಿದ್ದ. ಏಪ್ರಿಲ್ 2ರಂದು ಬ್ರಿಟನ್ನಿನ ರಂಗಭೂಮಿಯ ದೊಡ್ಡ ಗೌರವವಾದ ಒಲಿವಿಯೆ ಪ್ರಶಸ್ತಿ ಅವನಿಗೂ ಬಂತು, ಅಂಜನಾ ಅವರಿಗೂ ಬಂತು. ಆಮೇಲೆ ರಿಡ್ಲಿ ಸ್ಕಾಟ್ ನಿರ್ದೇಶನದ 'ಗ್ಲಾಡಿಯೇಟರ್ 2' ಎಂಬ ಭಾರಿ ಚಿತ್ರದ ನಾಯಕನಾದ. ಅದು 2024ರ ನವೆಂಬರಿನಲ್ಲಿ ತೆರೆ ಕಂಡಿತು. ಕೆಲವೇ ತಿಂಗಳಿಗೆ, 2025ರಲ್ಲಿ, ಮತ್ತೆ ಅದೇ ಸ್ಟ್ಯಾನ್ಲಿಯಾಗಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಂಗದ ಮೇಲಿದ್ದ. ಅದೇ ವರ್ಷ 'ಹ್ಯಾಮ್ನೆಟ್' ಚಿತ್ರದಲ್ಲಿ ಷೇಕ್ಸ್‌ಪಿಯರ್ ಆದ. ಹೆಂಡತಿ ಆ್ಯಗ್ನೆಸ್ ಆದವರು ಐರ್ಲೆಂಡಿನ ಕಿಲಾರ್ನಿ ಊರಿನ ಜೆಸ್ಸಿ ಬಕ್ಲಿ. ಇಂಗ್ಲಿಷರ ಮಹಾಕವಿ, ಅವನ ಮಡದಿ, ಇಬ್ಬರೂ ಐರಿಷ್ ನಟರು!

ಇನ್ನೊಂದು ಸಂಗತಿ ಬರೆಯದೆ ಮುಂದೆ ಹೋಗಲಾರೆ. 2023ರ ಬಾಫ್ಟಾ ಸಮಾರಂಭದಲ್ಲಿ ಐರಿಷ್ ಭಾಷೆಯ ಟೀವಿ ವಾಹಿನಿ ಟಿಜಿ4 ಅವನನ್ನು ಮಾತಾಡಿಸಿತು. ಅವನು ತಡವರಿಸುತ್ತಲೇ ಐರಿಷ್‌ನಲ್ಲಿ ಉತ್ತರ ಕೊಟ್ಟ. ಆ ತುಣುಕು ಊರೆಲ್ಲ ಹರಿದಾಡಿತು. ಯಾಕೆ ಅಂದರೆ, 2022ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮಗೆ ಐರಿಷ್ ಬರುತ್ತದೆ ಅಂದರು. ಆದರೆ ಶಾಲೆಯ ಹೊರಗೆ ದಿನಾ ಅದನ್ನು ಆಡುವವರು 72 ಸಾವಿರದ ಆಸುಪಾಸು ಮಾತ್ರ. ಶಾಲೆಯಲ್ಲಿ ಕಲಿತು ಮರೆಯುವ ಭಾಷೆಯಾಗಿಬಿಟ್ಟಿದೆ. ಅಂಥದ್ದರಲ್ಲಿ ಅಷ್ಟು ದೊಡ್ಡ ನಟ, ತಪ್ಪಾದರೂ ಪರವಾಗಿಲ್ಲ ಅಂತ, ಕ್ಯಾಮೆರಾ ಮುಂದೆ ಅದನ್ನು ಆಡಿದ. ಕನ್ನಡದವನಾಗಿ ನನಗೆ ಅದು ತುಂಬ ಹತ್ತಿರವಾಯಿತು.

ಈಗ ನಿಮ್ಮ ಭಯದ ಬಗ್ಗೆ. ಮಗ ಪಾಲ್ ಮೆಸ್ಕಲ್ ಆಗುತ್ತಾನೆ ಅಂತ ಸುಮ್ನೆ ಸಮಾಧಾನ ಹೇಳುವುದಿಲ್ಲ. ಐರ್ಲೆಂಡಿನಲ್ಲೂ ಎಲ್ಲ ನಟರ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ಅಲ್ಲಿನ ಸರ್ಕಾರ 2022ರಲ್ಲಿ ಒಂದು ಪ್ರಯೋಗ ಮಾಡಿತು. 2,000 ಕಲಾವಿದರನ್ನು ಚೀಟಿ ಎತ್ತಿದ ಹಾಗೆ ಆರಿಸಿ, ವಾರಕ್ಕೆ 325 ಯೂರೋದಂತೆ ಮೂರು ವರ್ಷ ಕೊಟ್ಟಿತು. ನಮ್ಮ ಹುಡುಗರಿಗೆ ಅಂಥ ಆಸರೆ ಇಲ್ಲ. ನಿಮ್ಮ ಭಯ ನ್ಯಾಯವಾದದ್ದು. ಅದಕ್ಕೇ ಅವನು ಎಂಜಿನಿಯರಿಂಗ್ ಮುಗಿಸಲಿ. ಅದರಲ್ಲಿ ರಾಜಿ ಬೇಡ. ಉಳಿದಿರುವುದು ಒಂದೇ ವರ್ಷ ಅಲ್ವಾ?

ಮುಗಿದ ಮೇಲೆ ಹೋಗಲಿ ಬಿಡಿ. ಹೆಗ್ಗೋಡಿನ ನೀನಾಸಂನವರು 1980ರಿಂದ ನಾಟಕ ಕಲಿಸುತ್ತಿದ್ದಾರೆ. 1985ರಿಂದ ಅವರ 'ತಿರುಗಾಟ' ತಂಡ ಊರೂರಿಗೆ ನಾಟಕ ಹೊತ್ತು ಹೋಗುತ್ತಿದೆ. ಕಲಿತವರೆಲ್ಲ ತಾರೆಯರಾಗಿಲ್ಲ. ಶಾಲೆಯ ಮೇಷ್ಟ್ರಾದವರಿದ್ದಾರೆ, ಮಕ್ಕಳಿಗೆ ನಾಟಕ ಕಲಿಸುವವರಿದ್ದಾರೆ, ಧಾರಾವಾಹಿಗಳಲ್ಲಿ ಇರುವವರೂ ಇದ್ದಾರೆ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಒಂದು ಭಾನುವಾರ ಮಗನ ಜೊತೆ ಕೂತು 'ಆಫ್ಟರ್‌ಸನ್' ನೋಡಿ. ಇನ್ನೊಂದು ದಿನ ಇಬ್ಬರೂ ಬಸ್ಸು ಹತ್ತಿ ಸಾಗರಕ್ಕೆ ಹೋಗಿ. ಅಲ್ಲಿಂದ ಹೆಗ್ಗೋಡು ಹತ್ತಿರ. ನಾಟಕ ಇರುವ ದಿನ ಕೇಳಿಕೊಂಡು ಹೋದರೆ ಒಳ್ಳೆಯದು. ರಂಗದ ಮೇಲಿರುವ ಹುಡುಗರ ವಯಸ್ಸು ನಿಮ್ಮ ಮಗನ ವಯಸ್ಸೇ. ನೋಡಿಕೊಂಡು ಬಂದು ನನಗೆ ಇನ್ನೊಂದು ಪತ್ರ ಬರೆಯಿರಿ. ಅದೂ ಮೂರು ಪುಟ ಆದರೆ ಸಂತೋಷ.

ವಿಶ್ವಾಸದಿಂದ,
ಸಂಪಾದಕ