ಐವತ್ತೇಳು ಅಂದಾಗ ನಿರಾಳ ಆಯ್ತು

ಎಂಟನೇ ವೇತನ ಆಯೋಗದ ಸುದ್ದಿ ಶುರುವಾದ ಮೇಲೆ ಸೈನಿಕರ ಮನೆಯವರು ಮತ್ತೆ ಆಪ್ತಸಲಹೆಗಾರ್ತಿ ಆದ ನನ್ನ ಹತ್ತಿರ ಬರುತ್ತಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಆಯೋಗದ ಕಾರ್ಯವ್ಯಾಪ್ತಿಯಲ್ಲಿ ಒಂದು ಸಾಲು ಇದೆ. ನೌಕರರು ವಂತಿಗೆ ಕಟ್ಟದ ಪೆನ್ಷನ್‌ಗಳ ಖರ್ಚನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು ಅಂತ. ಸೈನಿಕರ ಪೆನ್ಷನ್ ಅಂಥದ್ದೇ. ಆ ಸಾಲು ಊರಿಗೆ ತಲುಪುವಷ್ಟರಲ್ಲಿ "ಪೆನ್ಷನ್ ಕಟ್" ಆಗಿರುತ್ತದೆ. ಹೋದ ತಿಂಗಳು ಮಂಡ್ಯ ಕಡೆಯಿಂದ ಬಂದ ದಂಪತಿ ಕೇಳಿದ ಪ್ರಶ್ನೆ 2020ರಲ್ಲೇ ನನ್ನ ಕಿವಿಗೆ ಬಿದ್ದಿತ್ತು: "ಈಗಲೇ ಪೇಪರ್ ಹಾಕಿ ಬಂದುಬಿಡೋದಾ ಮೇಡಂ?" ಪೇಪರ್ ಹಾಕೋದು ಅಂದರೆ ಅವಧಿಗೆ ಮುಂಚೆ ಬಿಡುಗಡೆಗೆ ಅರ್ಜಿ ಕೊಡುವುದು.

ಆ 2020ರ ಪ್ರಕರಣ ನನ್ನನ್ನು ಇನ್ನೂ ಕಾಡುತ್ತದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅವರು ಸೇನೆಯ ಇಎಂಇಯಲ್ಲಿ, ಅಂದರೆ ವಾಹನ, ಯಂತ್ರ ರಿಪೇರಿ ಮಾಡುವ ವಿಭಾಗದಲ್ಲಿ ಹವಾಲ್ದಾರ್. ನಲವತ್ತು ವರ್ಷ, 21 ವರ್ಷದ ಸರ್ವಿಸ್. ಊರು ಪಾಂಡವಪುರದ ಹತ್ತಿರ. ಎರಡು ಮಕ್ಕಳು, ತಾಯಿ, ತಮ್ಮನ ಜೊತೆ ಪಾಲಾಗದ ಒಂದೂವರೆ ಎಕರೆ ನಾಲೆ ಬಯಲು. ನವೆಂಬರ್‌ನಲ್ಲಿ ರಜೆಗೆ ಬಂದಿದ್ದರು. ರಾತ್ರಿ ನಿದ್ದೆ ಇಲ್ಲ, ಮಕ್ಕಳ ಮೇಲೆ ರೇಗಾಟ. ಹೆಂಡತಿಯೇ ಮೈಸೂರಿಗೆ ಕರೆದುಕೊಂಡು ಬಂದಿದ್ದರು.

ಆಗ ಏನಾಗಿತ್ತು ಅಂತ ಸ್ವಲ್ಪ ಹೇಳಬೇಕು. ಆಗಿನ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರ ಕೆಳಗಿದ್ದ ಸೇನಾ ವ್ಯವಹಾರಗಳ ಇಲಾಖೆ ಅಕ್ಟೋಬರ್ 29ರಂದು ಒಂದು ಪತ್ರ ಬರೆದಿತ್ತು. ಕರ್ನಲ್‌ಗಳ ನಿವೃತ್ತಿ 54ರಿಂದ 57ಕ್ಕೆ ಏರಬೇಕು. ಇಎಂಇಯಂಥ ತಾಂತ್ರಿಕ ವಿಭಾಗಗಳ ಜವಾನರಿಗೂ ಜೆಸಿಒಗಳಿಗೂ (ಸುಬೇದಾರ್ ದರ್ಜೆಯವರಿಗೂ) 57. ಮಧ್ಯದಲ್ಲಿ ತಾವಾಗಿ ಬಿಟ್ಟು ಬರುವವರಿಗೆ ಪೆನ್ಷನ್ ಕಡಿತ. 20ರಿಂದ 25 ವರ್ಷದ ಸರ್ವಿಸ್‌ಗೆ ಸಿಗುವುದು ಅರ್ಧ, 26ರಿಂದ 30ಕ್ಕೆ 60 ಪರ್ಸೆಂಟ್, 31ರಿಂದ 35ಕ್ಕೆ 75. ಪೂರ್ತಿ ಬೇಕಾದರೆ 35 ದಾಟಬೇಕು. ತರಬೇತಿ ಪಡೆದವರು ಬೇಗ ಹೊರಗೆ ಹೋಗುತ್ತಿದ್ದಾರೆ ಅನ್ನೋದು ಇಲಾಖೆಯ ಕಾರಣ. ದುಡ್ಡಿನ ಕಾರಣವೂ ಇತ್ತು. ಆ ವರ್ಷದ 4.71 ಲಕ್ಷ ಕೋಟಿ ರಕ್ಷಣಾ ಬಜೆಟ್‌ನಲ್ಲಿ 1.33 ಲಕ್ಷ ಕೋಟಿ ಪೆನ್ಷನ್‌ಗೇ ಹೋಗುತ್ತಿತ್ತು.

ಇದೆಲ್ಲ ಕರಡು. ಆದರೆ ಹವಾಲ್ದಾರರ ಫೋನಿಗೆ ಬಂದಿದ್ದು "ಆರ್ಡರ್ ಆಗಿದೆ" ಅಂತ.

ಅವರ ಲೆಕ್ಕ ಹೀಗಿತ್ತು. ಹಳೇ ನಿಯಮದಲ್ಲಿ ಇನ್ನು ಮೂರು ವರ್ಷ, ಎಕ್ಸ್‌ಟೆನ್ಷನ್ ಸಿಕ್ಕರೆ ಐದು ವರ್ಷ, ಆಮೇಲೆ ಮನೆ. ಹೊಸದು ಬಂದರೆ ಇನ್ನೂ ಹದಿನೇಳು ವರ್ಷ. ಇಲ್ಲಾಂದ್ರೆ ಅರ್ಧ ಪೆನ್ಷನ್ ತಗೊಂಡು ಬರಬೇಕು. "ಅದಕ್ಕೇ ಹೊಸದು ಬರೋದಕ್ಕೆ ಮುಂಚೆ ಪೇಪರ್ ಹಾಕ್ತೀನಿ" ಅಂದರು. ಅರ್ಜಿ ಬರೆದು ಜೇಬಿನಲ್ಲೇ ಇಟ್ಟುಕೊಂಡಿದ್ದರು. ಮೊದಲ ಎರಡು ಭೇಟಿಯಲ್ಲಿ ಇದೇ ಮಾತು. ಹೆಂಡತಿ ಪಕ್ಕದಲ್ಲಿ ಕೂತು ತಲೆ ಆಡಿಸುತ್ತಿದ್ದರು. ಗಂಡ ಬೇಗ ಮನೆಗೆ ಬರಲಿ ಅಂತ ಅವರಿಗೂ ಆಸೆ ಅಂತ ನಾನೂ ಅಂದುಕೊಂಡಿದ್ದೆ.

ಮೂರನೇ ಭೇಟಿಯಲ್ಲಿ ನಾನು ಆಕೆಯನ್ನೇ ಕೇಳಿದೆ. "ಐವತ್ತೇಳು ಅಂತ ಮೊದಲು ಕೇಳಿದಾಗ ನಿಮಗೆ ಏನನ್ನಿಸಿತು?"

ಕೊರೋನಾ ಕಾಲ. ಇಬ್ಬರ ಮುಖಕ್ಕೂ ಮಾಸ್ಕ್. ಆಕೆಯ ಕಣ್ಣು ಮಾತ್ರ ಕಾಣುತ್ತಿತ್ತು. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು:

"ನಿರಾಳ ಆಯ್ತು ಮೇಡಂ."

ಹಾಗೆಂದವರೇ ಅಳಲು ಶುರು ಮಾಡಿದರು. ಗಂಡ ಅವರ ಕಡೆ ತಿರುಗಲೇ ಇಲ್ಲ. ಗೋಡೆ ನೋಡುತ್ತಾ ಕೂತಿದ್ದರು.

"ತಪ್ಪು ತಿಳ್ಕೋಬೇಡಿ. ಮದುವೆ ಆಗಿ ಹದಿನಾರು ವರ್ಷ. ಇವರು ಇರೋದು ವರ್ಷಕ್ಕೆ ಎರಡು ತಿಂಗಳು. ಆ ಎರಡು ತಿಂಗಳು ನೆಂಟರ ಥರ ನೋಡ್ಕೋತೀನಿ. ಬೇಕಾದ್ದು ಮಾಡಿ ಹಾಕ್ತೀನಿ. ಇವರು ಅಡುಗೆಮನೆ ಡಬ್ಬ ಎಲ್ಲಾ ಜೋಡಿಸಿ ಇಟ್ಟರೂ ಸುಮ್ನಿರ್ತೀನಿ. ಮಕ್ಕಳನ್ನ ಐದು ಗಂಟೆಗೆ ಎಬ್ಬಿಸ್ತಾರೆ, ಸುಮ್ನಿರ್ತೀನಿ. ನೀರಿನ ಸರದಿಗೆ ಮೈದುನನ ಹತ್ರ ಜಗಳ ಆಡಿ ಹೋಗ್ತಾರೆ, ಉಳಿದ ಹತ್ತು ತಿಂಗಳು ಅವನ ಜೊತೆ ಬಾಳೋಳು ನಾನು. ಎರಡು ತಿಂಗಳು ಅಲ್ವಾ ಅಂತ ತಡ್ಕೋತೀನಿ. ದಿನಾ ಹೀಗೇ ಆದ್ರೆ ಎಲ್ಲಿಗೆ ಹೋಗಲಿ?"

ಹವಾಲ್ದಾರ್ ಬಹಳ ಹೊತ್ತಿನ ಮೇಲೆ ಒಂದೇ ಮಾತು ಹೇಳಿದರು. "ನನ್ನ ಬಟ್ಟೆ ಇನ್ನೂ ಟ್ರಂಕಲ್ಲೇ ಇದೆ ಮೇಡಂ. ಬೀರುವಿನಲ್ಲಿ ನನಗೆ ಜಾಗ ಇಲ್ಲ." ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಹೆಂಡತಿ ಹೇಳಿದ್ದು ಅವರಿಗೆ ಮೊದಲೇ ಗೊತ್ತಿತ್ತು.

ಆ ದಿನ ನನಗೆ ಸ್ಪಷ್ಟವಾಗಿದ್ದು ಇಷ್ಟು. ಸೈನಿಕರ ಮನೆಯಲ್ಲಿ ಪೆನ್ಷನ್ ನಿಯಮ ಅಂದರೆ ದುಡ್ಡಿನ ವಿಷಯ ಮಾತ್ರ ಅಲ್ಲ. ಅಪ್ಪ ಮನೆಗೆ ಬರುವ ತಾರೀಖು ಅದು. ಅದರ ಮೇಲೆ ಮಗಳ ಕಾಲೇಜು, ಮನೆ ಸಾಲ, ಜಮೀನು ಪಾಲು, ಅತ್ತೆ ಸೊಸೆಯ ಹೊಂದಾಣಿಕೆ ಎಲ್ಲ ನಿಂತಿರುತ್ತದೆ. ದೆಹಲಿಯಲ್ಲಿ ಒಂದು ಪತ್ರ ಆ ತಾರೀಖನ್ನು ಹನ್ನೆರಡು ವರ್ಷ ಮುಂದೆ ತಳ್ಳುತ್ತದೆ. ಹೆದರಿದ ಗಂಡಸು ಅದನ್ನು ಐದು ವರ್ಷ ಹಿಂದಕ್ಕೆ ಎಳೆಯುತ್ತಾನೆ. ಮನೆ ನಡೆಸುವ ಹೆಂಗಸನ್ನು ಇಬ್ಬರೂ ಕೇಳುವುದಿಲ್ಲ. ಇದು ನನಗೆ ಆಗಲೂ ಸಿಟ್ಟು ತರಿಸಿತ್ತು, ಈಗಲೂ ತರಿಸುತ್ತದೆ.

ನಾನು ಕೊಟ್ಟ ಸಲಹೆ ಖಡಾಖಂಡಿತವಾಗಿತ್ತು. ಈ ರಜೆಯಲ್ಲಿ ಅರ್ಜಿ ಹಾಕಬೇಡಿ. ಕರಡು ಬೇರೆ, ಆದೇಶ ಬೇರೆ. ಸಂಖ್ಯೆ, ತಾರೀಖು, ಸಹಿ ಇರುವ ಆದೇಶ ಬರುವ ತನಕ ನಿಮ್ಮ ನಿಯಮ ಹಳೆಯದೇ. ಹಳೇ ನಿಯಮದಲ್ಲೂ ಒಂದು ವಿಷಯ ವಿಚಾರಿಸಿ ಅಂದೆ. ಒನ್ ರ‍್ಯಾಂಕ್ ಒನ್ ಪೆನ್ಷನ್ (ಒಂದೇ ದರ್ಜೆ, ಒಂದೇ ಸರ್ವಿಸ್ ಇದ್ದವರಿಗೆ ಯಾವಾಗ ನಿವೃತ್ತರಾದರೂ ಒಂದೇ ಪೆನ್ಷನ್) ತಂದ 2015ರ ನವೆಂಬರ್ 7ರ ಆದೇಶದಲ್ಲೇ, ಮುಂದೆ ತಾವಾಗಿ ಕೇಳಿಕೊಂಡು ಹೊರಬರುವವರಿಗೆ ಆ ಲಾಭ ಇಲ್ಲ ಎಂಬ ಸಾಲು ಇದೆ. ಅದು ನಿಮಗೆ ಹೇಗೆ ಅನ್ವಯಿಸುತ್ತದೆ, ಈಗ ಬಂದರೆ ಎಷ್ಟು, ಅವಧಿ ಮುಗಿಸಿ ಬಂದರೆ ಎಷ್ಟು ಅಂತ ಸಿಕಂದರಾಬಾದಿನ ರೆಕಾರ್ಡ್ ಆಫೀಸಿನಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಹವಾಲ್ದಾರ್ ಈ ಸಾಲಿನ ಸುದ್ದಿಯನ್ನೇ ಕೇಳಿರಲಿಲ್ಲ. ಕಡಿತ ತಪ್ಪಿಸಿಕೊಳ್ಳಲು ಓಡಿ, ಇನ್ನೊಂದು ನಷ್ಟಕ್ಕೆ ಬೀಳುವ ಹಾಗಿತ್ತು.

ಮನೆಗೆ ಕೊಟ್ಟ ಸಲಹೆ ಚಿಕ್ಕದು. ಆಕೆ ಬೀರುವಿನ ಒಂದು ಖಾನೆ ಖಾಲಿ ಮಾಡಬೇಕು. ಅವರು ಅಡುಗೆಮನೆಯ ಡಬ್ಬ ಮುಟ್ಟಬಾರದು. ತಮ್ಮನ ಜೊತೆ ನೀರಿನ ಮಾತು ಏನಿದ್ದರೂ ಆಕೆಯನ್ನು ಕೇಳಿಯೇ ಆಡಬೇಕು. ಇನ್ನು ಮೇಲೆ ಪ್ರತಿ ರಜೆಯಲ್ಲೂ ನೆಂಟರ ಊಟ ಬೇಡ, ಮನೆಯ ಊಟ ಸಾಕು.

ನನ್ನ ಜೊತೆ ಕೆಲಸ ಮಾಡುವ ಕೆಲವರು ಇದನ್ನು ಒಪ್ಪಲಿಲ್ಲ. ಆಪ್ತಸಲಹೆಗಾರರು "ಹಾಕಬೇಡಿ" ಅಂತ ಹೇಳಬಾರದು, ಪೆನ್ಷನ್ ಲೆಕ್ಕ ನಮ್ಮ ಕೆಲಸ ಅಲ್ಲ ಅಂದರು. ಅವರ ಮಾತು ನನಗೆ ಅರ್ಥವಾಗುತ್ತದೆ. ಬಂದವರ ನಿರ್ಧಾರ ಬಂದವರದೇ ಆಗಬೇಕು. ಆದರೆ ಸುಳ್ಳು ಸುದ್ದಿಗೆ ಹೆದರಿ ತೆಗೆದುಕೊಂಡಿದ್ದನ್ನು ನಾನು ನಿರ್ಧಾರ ಅಂತ ಕರೆಯಲಾರೆ. ಡಿಸ್ಚಾರ್ಜ್ ಆದ ಮೇಲೆ ಸಾಮಾನ್ಯವಾಗಿ ಮತ್ತೆ ಹಳೇ ಹುದ್ದೆಗೆ ಹೋಗುವ ದಾರಿ ಇಲ್ಲ. ಹಿಂತಿರುಗಲು ಆಗದ ಹೆಜ್ಜೆಯ ಮುಂದೆ ನಿಂತವರನ್ನು ಕೈ ಹಿಡಿದು ನಿಲ್ಲಿಸುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಇವತ್ತು ಬಂದರೂ ಅದನ್ನೇ ಹೇಳುತ್ತೇನೆ.

ಆ ಕರಡು ಆ ರೂಪದಲ್ಲಿ ಜಾರಿಗೆ ಬರಲಿಲ್ಲ. 2022ರ ಜೂನ್‌ನಲ್ಲಿ ಬಂದ ಅಗ್ನಿಪಥದ್ದು ಬೇರೆಯೇ ಕಥೆ. ನಾಲ್ಕು ವರ್ಷ, ನೂರಕ್ಕೆ ಇಪ್ಪತ್ತೈದು ಜನ ಮಾತ್ರ ಮುಂದುವರಿಕೆ, ಉಳಿದವರಿಗೆ ಸುಮಾರು 11.71 ಲಕ್ಷದ ಸೇವಾನಿಧಿ. ಪೆನ್ಷನ್ ಇಲ್ಲ. ಆಗ ಬಂದವರು ಹೆಂಡತಿಯರಲ್ಲ, ತಾಯಂದಿರು. ಇಪ್ಪತ್ತೆರಡಕ್ಕೆ ಮನೆಗೆ ಬರುವ ಮಗನಿಗೆ ಏನು ಹೇಳೋದು ಅಂತ ಕೇಳುತ್ತಿದ್ದರು. ಅವರ ವಿಷಯ ಇನ್ನೊಮ್ಮೆ ಬರೆಯಬೇಕು.

ಹೋದ ತಿಂಗಳ ದಂಪತಿಗೂ ನಾನು ಮೊದಲು ಕೇಳಿದ್ದು ಪೆನ್ಷನ್ ಬಗ್ಗೆ ಅಲ್ಲ. ಗಂಡ ಮನೆಗೆ ಬಂದ ಮರುದಿನ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ, ಎದ್ದು ಏನು ಮಾಡುತ್ತಾರೆ ಅಂತ ಹೆಂಡತಿಯನ್ನು ಕೇಳಿದೆ. ಆಕೆ ಗಂಡನ ಮುಖ ನೋಡಿದರು. ಅವರ ಹತ್ತಿರ ಉತ್ತರ ಇರಲಿಲ್ಲ.

ಪಾಂಡವಪುರದ ಹವಾಲ್ದಾರ್ ಸರ್ವಿಸ್ ಮುಗಿಸಿಯೇ ಬಂದರು. ಹೆಂಡತಿ ನಡುವೆ ಎರಡು ಸಲ ಒಬ್ಬರೇ ಬಂದು ಮಾತಾಡಿ ಹೋಗಿದ್ದರು. ಕೊನೆಯ ಸಲ ಫೋನ್ ಮಾಡಿದಾಗ ಟ್ರಂಕ್ ಅಟ್ಟಕ್ಕೆ ಹೋಗಿದೆ ಅಂದರು. ಜಮೀನು ಇನ್ನೂ ಪಾಲಾಗಿಲ್ಲ. ಬೆಳಿಗ್ಗೆ ಐದಕ್ಕೆ ಅವರು ಒಬ್ಬರೇ ಎದ್ದು ನಾಲೆ ಏರಿ ಮೇಲೆ ನಡೆದು ಬರುತ್ತಾರಂತೆ, ಮಕ್ಕಳನ್ನು ಎಬ್ಬಿಸುವುದಿಲ್ಲವಂತೆ.